ಬರಬೇಡಿರೆಂದ ಊರಿನಲ್ಲಿ ದೀಪಾವಳಿ

ದೀಪಾವಳಿ ಎಂಬ ಪದವನ್ನು ಬಿಡಿಸಿ ನೋಡಿದರೆ ದೀಪ, ಆವಳಿ ಎಂದು ಎರಡು ಮಾತುಗಳು ದೊರೆಯುತ್ತವೆ. ಆವಳಿ ಎಂದರೆ ಸಾಲು. ದೇವರ ಮುಂದೆ ಹಚ್ಚಿಟ್ಟ ಒಂಟಿ ಹಣತೆ ಎಷ್ಟೇ ಪ್ರಕಾಶಮಾನವಾಗಿ ಉರಿದರೂ ಅದು ನಂದಾದೀಪವಾದೀತು, ದೀಪಾವಳಿಯಾಗದು. ಒಂದರ ಮಗ್ಗುಲಲ್ಲಿ ಇನ್ನೊಂದು, ನಮ್ಮ ಹೊಸ್ತಿಲಿನ ದೀಪ ಮುಗಿದಲ್ಲಿ ನೆರೆಮನೆಯ ಹೊಸ್ತಿಲಿನ ದೀಪ, ಹೀಗೆ ಬೀದಿಯ ಉದ್ದಕ್ಕೂ ಬೆಳಕು ಕೈಕೈ ಹಿಡಿದು ನಿಂತಾಗ ಮಾತ್ರ ಆ ಹೆಸರು ಸಾರ್ಥಕ. ಹೀಗಿರಲು, ದೀಪದ ಸಾಲನ್ನಿಡುವುದಕ್ಕೆ ಒಂದು ಬೀದಿ ಬೇಕು, ನೆರೆಮನೆ ಬೇಕು. ಹುಟ್ಟಿ ಬೆಳೆದ ಬೀದಿಯನ್ನೇ ಕಳೆದುಕೊಂಡು, ನೀವು ಬರುವುದೇ ಬೇಡವೆಂದ ಊರಿಗೆ ಬಂದಿಳಿದವರು ಈ ಹಬ್ಬವನ್ನು ಹೇಗೆ ಆಚರಿಸಬೇಕು? ಇಂಗ್ಲೆಂಡಿನ ಲೆಸ್ಟರ್ ನಗರದ ವೃತ್ತಾಂತದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ.

ಲೆಸ್ಟರ್ ಇಂಗ್ಲೆಂಡಿನ ನಡುನಾಡಿನ ಹಳೆಯ ಪಟ್ಟಣ. ಕಾಲುಚೀಲ, ಬನಿಯನು ಮೊದಲಾದ ಹೆಣಿಗೆಯ ಬಟ್ಟೆಗಳಿಗೂ ಪಾದರಕ್ಷೆಗಳಿಗೂ ಒಂದು ಕಾಲಕ್ಕೆ ಹೆಸರಾಗಿತ್ತು. ಅಲ್ಲಿಯ ಬೆಲ್‌ಗ್ರೇವ್ ರಸ್ತೆಗೆ ಈಗ ‘ಸುವರ್ಣ ಮೈಲಿ’ ಎಂಬ ಅಡ್ಡಹೆಸರಿದೆ. ಒಂದರ ಪಕ್ಕದಲ್ಲೊಂದು ಚಿನಿವಾರರ ಅಂಗಡಿ, ಸೀರೆಯಂಗಡಿ, ಮಿಠಾಯಿಯಂಗಡಿ. ಪ್ರತಿವರ್ಷವೂ ದೀಪಾವಳಿಗೆ ಕೆಲವು ದಿನಗಳಿರುವಾಗ ಆ ರಸ್ತೆಯ ಉದ್ದಕ್ಕೂ ಕಟ್ಟಿದ ಸಾವಿರಾರು ವಿದ್ಯುದ್ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ನವೆಂಬರಿನ ಆರಂಭದಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುವ ನಾಡು ಅದು. ಚಳಿಗೆ ಉಣ್ಣೆಯ ಕೋಟು ತೊಟ್ಟು, ಅದರ ಕೆಳಗೆ ಜರಿಯಂಚಿನ ಸೀರೆಯ ನೆರಿಗೆ ಇಣುಕುವಂತೆ ಹೆಂಗಸರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಗಂಡಸರು, ನೋಡಬಂದ ಆಂಗ್ಲ ನೆರೆಹೊರೆಯವರು, ಹೀಗೆ ಹತ್ತಾರು ಸಾವಿರ ಜನ ಅಲ್ಲಿ ಸೇರುತ್ತಾರೆ. ಭಾರತದ ಹೊರಗೆ ನಡೆಯುವ ಅತಿ ದೊಡ್ಡ ದೀಪಾವಳಿಗಳಲ್ಲಿ ಇದೊಂದು ಎಂದು ಎಣಿಕೆ.

ಈ ಜನ ಯಾರು? ಮುಖ್ಯವಾಗಿ ಗುಜರಾತಿ ಹಿಂದೂಗಳು, ಅವರೊಡನೆ ಪಂಜಾಬಿನ ಸಿಖ್ಖರು. ಸಿಖ್ಖರಲ್ಲಿ ಅನೇಕರು ೧೯೫೦ರ, ೧೯೬೦ರ ದಶಕಗಳಲ್ಲಿ ಕೆಲಸವನ್ನರಸಿ ನೇರವಾಗಿ ಪಂಜಾಬಿನಿಂದ ಬಂದವರು. ಗುಜರಾತಿಗಳಲ್ಲಿ ಬಹುಮಂದಿಯ ದಾರಿ ಬೇರೆ. ಅವರು ಬಂದದ್ದು ಆಫ್ರಿಕದ ಮೂಲಕ. ೧೮೯೬ರಲ್ಲಿ ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದತ್ತ ರೈಲುದಾರಿಯನ್ನು ಹಾಕತೊಡಗಿದಾಗ ಸುಮಾರು ೩೨,೦೦೦ ಮಂದಿ ಭಾರತೀಯ ಕೂಲಿಗಳನ್ನು ಕರಾರಿನ ಮೇಲೆ ಸಾಗಿಸಿದರು, ಹೆಚ್ಚಿನವರು ಪಂಜಾಬಿನವರು. ೧೯೦೧ರಲ್ಲಿ ಹಳಿ ಸರೋವರದ ದಡವನ್ನು ಮುಟ್ಟುವ ಹೊತ್ತಿಗೆ ಅವರಲ್ಲಿ ಸುಮಾರು ೨,೫೦೦ ಮಂದಿ ಸತ್ತಿದ್ದರು. ಬದುಕುಳಿದವರಲ್ಲಿ ಬಹುಪಾಲು ಜನ ತಾಯ್ನಾಡಿಗೆ ಮರಳಿದರು. ಕೆಲವರು ಅಲ್ಲಿಯೇ ನಿಂತರು. ಹಳಿಯ ಬೆನ್ನಿಗೆ ಗುಜರಾತಿನ ವರ್ತಕರು ಒಳನಾಡಿನ ಊರೂರಿಗೂ ಹೋಗಿ ಅಂಗಡಿಯಿಟ್ಟರು. ಎರಡು ಮೂರು ತಲೆಮಾರುಗಳಲ್ಲಿ ಕಂಪಾಲಾ, ಜಿಂಜಾ, ನೈರೋಬಿಗಳು ಅವರಿಗೆ ಪರದೇಶವೆನಿಸದೆ ಹೋದವು.

ಆ ನೆಲೆ ಒಮ್ಮೆಗೇ ಕುಸಿಯಿತು. ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ೧೯೭೨ರ ಆಗಸ್ಟ್ ೪ರಂದು, ಏಷ್ಯದ ಮೂಲದವರು ತೊಂಬತ್ತು ದಿನಗಳಲ್ಲಿ ದೇಶವನ್ನು ಬಿಟ್ಟು ಹೊರಡಬೇಕೆಂದು ಸಾರಿದನು. ಕೊನೆಯ ಗಡುವು ನವೆಂಬರ್ ೮ ಎಂದು ಗೊತ್ತಾಯಿತು. ಕೈಯಲ್ಲಿ ಒಯ್ಯಬಹುದಾಗಿದ್ದ ಹಣ ಐವತ್ತು ಪೌಂಡುಗಳ ಆಸುಪಾಸು. ಅಂಗಡಿ, ಮನೆ, ತೋಟ, ಸಕ್ಕರೆಯ ಗಿರಣಿ, ಎಲ್ಲವೂ ಅಲ್ಲಿಯೇ ಉಳಿಯಬೇಕು. ವಿಮಾನ ನಿಲ್ದಾಣದ ದಾರಿಯಲ್ಲಿ ಸೈನಿಕರ ತನಿಖೆ ಬೇರೆ. ಮೈಮೇಲಿನ ಒಡವೆಯನ್ನೂ ಕಿತ್ತುಕೊಂಡದ್ದುಂಟು. ಬ್ರಿಟಿಷ್ ಪೌರತ್ವದ ಪತ್ರವಿದ್ದ ಸುಮಾರು ೨೮,೦೦೦ ಮಂದಿ ಬ್ರಿಟನ್ನಿಗೆ ಬಂದರು. ಹಿಂದೂಗಳು, ಸಿಖ್ಖರು, ಮುಸಲ್ಮಾನರು, ಜೈನರು, ಗೋವೆಯ ಕ್ರೈಸ್ತರು, ಎಲ್ಲರೂ ಅವರಲ್ಲಿದ್ದರು. ಗಡಿಪಾರಿನ ಆಜ್ಞೆ ಅವರ ಮತಗಳನ್ನು ಕೇಳಿರಲಿಲ್ಲ.

ಆ ವರ್ಷದ ಪಂಚಾಂಗವನ್ನು ತೆರೆದು ನೋಡಿದರೆ ಮನಸ್ಸು ಕಲಕುತ್ತದೆ. ದೀಪಾವಳಿಯ ಅಮಾವಾಸ್ಯೆ ಬಂದದ್ದು ನವೆಂಬರ್ ೫ರಂದು. ಗಡುವು ತೀರುವುದಕ್ಕೆ ಮೂರೇ ದಿನ ಉಳಿದಿದ್ದಾಗ. ಗುಜರಾತಿ ವರ್ತಕನಿಗೆ ಆ ಸಂಜೆ ಚೋಪಡಾ ಪೂಜೆಯ ಸಮಯ. ಹಳೆಯ ಲೆಕ್ಕವನ್ನು ಮುಗಿಸಿ, ಹೊಸ ಖಾತೆಪುಸ್ತಕಕ್ಕೆ ಕುಂಕುಮವಿಟ್ಟು, ಮೊದಲ ಪುಟದಲ್ಲಿ ಶುಭ, ಲಾಭ ಎಂದು ಬರೆದು, ಲಕ್ಷ್ಮಿಯನ್ನು ಪೂಜಿಸಬೇಕು. ಮರುದಿನವೇ ಅವನ ಹೊಸ ವರ್ಷ. ನಮ್ಮ ಹುಬ್ಬಳ್ಳಿ ಬೆಳಗಾವಿಗಳ ಪೇಟೆಯಲ್ಲಿ ಅಂಗಡಿಯ ಲಕ್ಷ್ಮೀಪೂಜೆಯನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ೧೯೭೨ರ ಆ ಸಂಜೆ ಕಂಪಾಲಾದಲ್ಲಿ ಇನ್ನೂ ಉಳಿದಿದ್ದವನು ಯಾವ ಖಾತೆಯನ್ನು ತೆರೆಯಬೇಕಾಗಿತ್ತು? ಯಾವ ಅಂಗಡಿಯ ಹೆಸರನ್ನು ಬರೆಯಬೇಕಾಗಿತ್ತು? ಆಗಲೇ ಬ್ರಿಟನ್ನಿಗೆ ಬಂದು, ಸೈನ್ಯದವರು ಬಿಟ್ಟ ಶಿಬಿರಗಳಲ್ಲಿ ಕಂಬಳಿ ಹೊದೆದು ಕುಳಿತಿದ್ದವನ ಪಾಡೂ ಅಷ್ಟೆ. ಆ ದಿನ ಇಂಗ್ಲೆಂಡಿನಲ್ಲಿಯೂ ಬೆಂಕಿಯ ಹಬ್ಬವೇ. ೧೬೦೫ರಲ್ಲಿ ಪಾರ್ಲಿಮೆಂಟನ್ನು ಸಿಡಿಸಲು ಹೂಡಿದ ಸಂಚು ಮುರಿದುಬಿದ್ದುದರ ನೆನಪಿಗೆ ನವೆಂಬರ್ ೫ರಂದು ಅಲ್ಲಿ ಬಾಣಬಿರುಸುಗಳನ್ನು ಬಿಡುತ್ತಾರೆ. ತನ್ನ ಹಬ್ಬದ ದಿನವೇ ತನ್ನದಲ್ಲದ ಬೆಳಕನ್ನು ಕಿಟಕಿಯಿಂದ ನೋಡುವ ಸ್ಥಿತಿ ಅದು.

ಇತ್ತ ಲೆಸ್ಟರಿನಲ್ಲಿ ಆಗಲೇ ಕೆನ್ಯಾದಿಂದ ಬಂದ ಭಾರತೀಯರು ನೆಲೆಸಿದ್ದರು. ಬಂಧುಗಳಿರುವ ಊರಿಗೆ ಉಗಾಂಡದವರೂ ಬರುವುದು ಸಹಜವಷ್ಟೆ. ಇದನ್ನು ಊಹಿಸಿದ ಲೆಸ್ಟರ್ ನಗರಸಭೆ, ೧೯೭೨ರ ಸೆಪ್ಟೆಂಬರಿನಲ್ಲಿ ಕಂಪಾಲಾದ ‘ಉಗಾಂಡ ಆರ್ಗಸ್’ ಪತ್ರಿಕೆಗೆ ಒಂದು ಜಾಹೀರಾತನ್ನು ಕೊಟ್ಟಿತು. ನಮ್ಮಲ್ಲಿ ಮನೆಗಾಗಿ ಸಾವಿರಾರು ಕುಟುಂಬಗಳು ಕಾದಿವೆ, ಶಾಲೆಗಳಲ್ಲಿ ಎಡೆಯಿಲ್ಲ, ಆಸ್ಪತ್ರೆಯೇ ಮೊದಲಾದ ಸೌಕರ್ಯಗಳು ಮಿತಿಮೀರಿವೆ. ಆದ್ದರಿಂದ ನಿಮ್ಮ ಹಿತಕ್ಕಾಗಿಯೇ ಲೆಸ್ಟರಿಗೆ ಬರಬೇಡಿ ಎಂಬುದು ಅದರ ತಾತ್ಪರ್ಯ. ಮಾತು ಸಭ್ಯವಾಗಿತ್ತು, ಬಾಗಿಲು ಮಾತ್ರ ಮುಚ್ಚಿತ್ತು. ಲೆಸ್ಟರಿನ ಹೆಸರನ್ನೇ ಕೇಳದಿದ್ದವರಿಗೂ ಆ ಜಾಹೀರಾತಿನಿಂದ ಊರಿನ ಪರಿಚಯವಾಯಿತೆಂದು ಆಗ ಬಂದವರಲ್ಲಿ ಅನೇಕರು ಮುಂದೆ ನಗುತ್ತ ನೆನೆದಿದ್ದಾರೆ. ಜನ ಬಂದೇ ಬಂದರು.

ಬಂದವರಿಗೆ ಸುಖದ ಸುಪ್ಪತ್ತಿಗೆಯೇನೂ ಕಾದಿರಲಿಲ್ಲ. ಕಂಪಾಲಾದಲ್ಲಿ ಗಲ್ಲೆಯ ಮೇಲೆ ಕುಳಿತಿದ್ದವರು ಲೆಸ್ಟರಿನ ಕಾರ್ಖಾನೆಗಳಲ್ಲಿ ರಾತ್ರಿಪಾಳಿಗೆ ನಿಂತರು. ಮನೆಯ ಹೊಸ್ತಿಲನ್ನು ದಾಟಿ ದುಡಿದು ಅಭ್ಯಾಸವಿಲ್ಲದ ಹೆಂಗಸರು ಹೊಲಿಗೆಯ ಯಂತ್ರಗಳ ಮುಂದೆ ಕುಳಿತರು. ೧೯೭೪ರ ಮೇ ತಿಂಗಳಲ್ಲಿ ಅಲ್ಲಿಯ ಇಂಪೀರಿಯಲ್ ಟೈಪ್‌ರೈಟರ್ ಕಾರ್ಖಾನೆಯ ಏಷ್ಯದ ಕೆಲಸಗಾರರು, ಬೋನಸ್ಸಿನ ಲೆಕ್ಕದಲ್ಲಿ ತಮಗೆ ಅನ್ಯಾಯವಾಗುತ್ತಿದೆಯೆಂದು ಮುಷ್ಕರ ಹೂಡಿದರು. ಅವರ ಸಂಘವೇ ಅವರ ಬೆಂಬಲಕ್ಕೆ ನಿಲ್ಲಲಿಲ್ಲ. ಮುಷ್ಕರ ತಿಂಗಳುಗಟ್ಟಲೆ ನಡೆಯಿತು. ಮರುವರ್ಷ ಕಾರ್ಖಾನೆಯೇ ಮುಚ್ಚಿತು. ವಲಸೆ ಬಂದವರ ವಿರುದ್ಧ ಅದೇ ಬೀದಿಗಳಲ್ಲಿ ಮೆರವಣಿಗೆಗಳೂ ಹೊರಟವು. ಅಂಥ ದಿನಗಳಲ್ಲಿ ದೀಪಾವಳಿ ಮನೆಯೊಳಗಿನ ಹಬ್ಬವಾಯಿತು. ಬಾಗಿಲನ್ನು ಮುಚ್ಚಿ, ಪರದೆಯನ್ನು ಎಳೆದು, ಅಡುಗೆಮನೆಯ ಮೂಲೆಯಲ್ಲಿ ಹಚ್ಚಿಟ್ಟ ಹಣತೆ. ದೀಪವಿತ್ತು, ಆವಳಿ ಇರಲಿಲ್ಲ.

ಆ ಆವಳಿ ಕ್ರಮಕ್ರಮವಾಗಿ ಕೂಡಿಕೊಂಡದ್ದು ಬೆಲ್‌ಗ್ರೇವ್ ರಸ್ತೆಯಲ್ಲಿ. ವ್ಯಾಪಾರ ಸೊರಗಿ ಮುಚ್ಚಿದ್ದ ಅಂಗಡಿಗಳನ್ನು ವಲಸಿಗರು ಬಾಡಿಗೆಗೆ ಹಿಡಿದರು. ಕೂಡಿಟ್ಟ ಸಂಬಳ, ಬಂಧುಗಳಿಂದ ತಂದ ಕೈಗಡ, ಮನೆಮಂದಿಯ ದುಡಿಮೆ, ಇವೇ ಬಂಡವಾಳ. ಕಂಪಾಲಾದಲ್ಲಿ ಮುಚ್ಚಿದ ಖಾತೆ ಲೆಸ್ಟರಿನಲ್ಲಿ ಹೀಗೆ ಮತ್ತೆ ತೆರೆಯಿತು. ೧೯೮೩ರಲ್ಲಿ ಆ ರಸ್ತೆಯ ಮೇಲೆ ಮೊದಲ ಬಾರಿಗೆ ದೀಪಾವಳಿಯ ಸಾಲುದೀಪಗಳು ಬೆಳಗಿದವು. ಮನೆಯ ದೀಪ ಬೀದಿಗೆ ಬಂದಿತು. ಬರಬೇಡಿರೆಂದು ಜಾಹೀರಾತು ಕೊಟ್ಟಿದ್ದ ನಗರಸಭೆಯೇ ಇಂದು ಈ ಹಬ್ಬವನ್ನು ತನ್ನ ಹಬ್ಬವೆಂದು ನಡೆಸುತ್ತಿದೆ. ಅದೇ ೧೯೮೩ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಪೇಟವನ್ನು ತೆಗೆದು, ಕೂದಲನ್ನು ಕತ್ತರಿಸದ ಹೊರತು ಸೇರಿಸಿಕೊಳ್ಳಲಾರೆವೆಂದು ಇಂಗ್ಲೆಂಡಿನ ಒಂದು ಶಾಲೆ ಸಿಖ್ ಬಾಲಕನೊಬ್ಬನನ್ನು ತಿರಸ್ಕರಿಸಿದ ಮೊಕದ್ದಮೆಯಲ್ಲಿ, ಲಾರ್ಡ್ಸ್ ಸಭೆಯ ನ್ಯಾಯಾಧೀಶರು ಬಾಲಕನ ಪಕ್ಷದಲ್ಲಿ ತೀರ್ಪಿತ್ತರು. ಒಂದು ಕಡೆ ದೀಪ, ಇನ್ನೊಂದು ಕಡೆ ಪೇಟ. ಎರಡೂ ಒಂದೇ ವರ್ಷ ತಲೆಯೆತ್ತಿ ನಿಂತವೆನ್ನಬಹುದು.

ಬೆಲ್‌ಗ್ರೇವ್ ರಸ್ತೆಯಲ್ಲಿ ಬೆಳಗುವ ದೀಪ ಒಂದೇ; ಅದರ ಹಿಂದಿರುವ ಕಥೆಗಳು ಹಲವು. ಹದಿನಾಲ್ಕು ವರ್ಷದ ವನವಾಸವನ್ನು ಮುಗಿಸಿ ರಾಮನು ಅಯೋಧ್ಯೆಗೆ ಮರಳಿದ ದಿನವೆಂದು ಹಿಂದೂಗಳು ದೀಪ ಹಚ್ಚುತ್ತಾರೆ. ಮಹಾವೀರನು ನಿರ್ವಾಣ ಹೊಂದಿದ ದಿನವೆಂದು ಜೈನರು ಹಚ್ಚುತ್ತಾರೆ. ಹಳೆಯ ಕ್ರೈಸ್ತ ಪ್ರಾರ್ಥನಾಮಂದಿರವೊಂದನ್ನು ಅಮೃತಶಿಲೆಯಿಂದ ಅಲಂಕರಿಸಿ ಅವರು ೧೯೮೮ರಲ್ಲಿ ಲೆಸ್ಟರಿನಲ್ಲಿ ಬಸದಿಯೊಂದನ್ನು ಮಾಡಿಕೊಂಡಿದ್ದಾರೆ. ಕನ್ನಡಿಗರಾದ ನಾವು ಇದೇ ಹಬ್ಬದಲ್ಲಿ ಬಲೀಂದ್ರನನ್ನು ಕರೆಯುತ್ತೇವೆ. ರಾಜ್ಯವನ್ನು ಕಳೆದುಕೊಂಡು ಪಾತಾಳಕ್ಕಿಳಿದ ದೊರೆ ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ನೋಡಲು ಬರುತ್ತಾನೆಂದು ಕರಾವಳಿಯ ಮನೆಗಳಲ್ಲಿ ಕೂಗಿ ಕರೆಯುವುದುಂಟು. ರಾಮನದು ಮರಳಿದವನ ಹಬ್ಬ, ಬಲಿಯದು ಮರಳಿಯೂ ಉಳಿಯಲಾರದವನ ಹಬ್ಬ. ಅಟ್ಟಲ್ಪಟ್ಟವರ ಪಾಲಿಗೆ ಎರಡನೆಯದೇ ಹೆಚ್ಚು ಹತ್ತಿರವೇನೋ. ಆದರೆ ಲೆಸ್ಟರಿನ ಜನರ ಬಾಳಿಗೆ ಎಲ್ಲಕ್ಕಿಂತ ಸಮೀಪವಾದ ಕಥೆ ಅವರ ನೆರೆಯ ಸಿಖ್ಖರಲ್ಲಿದೆ.

ಬೀದರಿನ ಗುರುನಾನಕ ಝರಾಕ್ಕೆ ಹೋಗಿಬಂದ ಕನ್ನಡಿಗರಿಗೆ ಸಿಖ್ ಗುರುಗಳ ಪರಂಪರೆ ಅಪರಿಚಿತವಲ್ಲ. ಅವರಲ್ಲಿ ಐದನೆಯವರಾದ ಅರ್ಜುನದೇವರು ೧೬೦೬ರಲ್ಲಿ, ಜಹಾಂಗೀರನ ಕಾಲದಲ್ಲಿ, ಲಾಹೋರಿನಲ್ಲಿ ಚಿತ್ರಹಿಂಸೆಗೆ ಒಳಗಾಗಿ ಮಡಿದರು. ಅವರ ಮಗ ಹರಗೋವಿಂದರು ಎಳೆಯ ವಯಸ್ಸಿನಲ್ಲಿಯೇ ಗುರುಪೀಠವನ್ನೇರಿದರು. ಒಂದು ಲೌಕಿಕ ಅಧಿಕಾರಕ್ಕೆ, ಒಂದು ಆಧ್ಯಾತ್ಮಿಕ ಅಧಿಕಾರಕ್ಕೆ ಎಂದು ಎರಡು ಖಡ್ಗಗಳನ್ನು ಧರಿಸಿದರು. ಜಹಾಂಗೀರನು ಅವರನ್ನು ಗ್ವಾಲಿಯರಿನ ಕೋಟೆಯಲ್ಲಿ ಸೆರೆಯಿಟ್ಟನು. ಮುಂದಿನದು ಪರಂಪರೆ ಹೇಳುವ ಕಥೆ. ಅದೇ ಕೋಟೆಯಲ್ಲಿ ಐವತ್ತೆರಡು ಮಂದಿ ರಾಜರು ಬಂದಿಗಳಾಗಿದ್ದರು. ಗುರುವಿನ ಬಿಡುಗಡೆಗಾಗಿ ಲಾಹೋರಿನ ಸೂಫಿ ಸಂತ ಮಿಯಾನ್ ಮೀರರು ಬಾದಶಹನಲ್ಲಿ ವಾದಿಸಿದರೆಂದು ಒಂದು ಐತಿಹ್ಯವಿದೆ. ಬಿಡುಗಡೆಯ ಆಜ್ಞೆ ಬಂದಾಗ ಗುರುಗಳು, ತಾನೊಬ್ಬನೇ ಹೊರಡಲಾರೆ, ಈ ರಾಜರೂ ನನ್ನೊಡನೆ ಬರಬೇಕು ಎಂದರು. ಗುರುವಿನ ಉಡುಪಿನ ಅಂಚನ್ನು ಎಷ್ಟು ಜನ ಹಿಡಿದು ಹೊರಬರಬಲ್ಲರೋ ಅಷ್ಟು ಜನಕ್ಕೆ ಬಿಡುಗಡೆ ಎಂದು ಬಾದಶಹನು ಮಿತಿ ಹಾಕಿದನು. ಗುರುಗಳು ಐವತ್ತೆರಡು ಗೊಂಡೆಗಳುಳ್ಳ ನಿಲುವಂಗಿಯನ್ನು ಹೊಲಿಸಿ ತೊಟ್ಟರು. ಒಬ್ಬೊಬ್ಬ ರಾಜನೂ ಒಂದೊಂದು ಗೊಂಡೆಯನ್ನು ಹಿಡಿದು ಕೋಟೆಯ ಬಾಗಿಲನ್ನು ದಾಟಿದನು.

ಗುರುಗಳು ಅಮೃತಸರವನ್ನು ತಲಪಿದಾಗ ಜನ ಹರಿಮಂದಿರವನ್ನು ದೀಪಗಳಿಂದ ಬೆಳಗಿಸಿದರು. ಅಂದಿನಿಂದ ಸಿಖ್ಖರಿಗೆ ದೀಪಾವಳಿ ‘ಬಂದಿ ಛೋಡ್’ ದಿನ, ಎಂದರೆ ಸೆರೆಯಾಳುಗಳನ್ನು ಬಿಡಿಸಿದವನ ದಿನ. ಲೆಸ್ಟರಿನಲ್ಲಿ ‘ಹೋಲಿ ಬೋನ್ಸ್’, ಎಂದರೆ ಪವಿತ್ರ ಅಸ್ಥಿಗಳು ಎಂಬ ವಿಚಿತ್ರ ಹೆಸರಿನ ಬೀದಿಯಲ್ಲಿರುವ ಗುರುದ್ವಾರದಂಥ ಕಡೆಗಳಲ್ಲಿ ಆ ಸಂಜೆ ಕೀರ್ತನೆಯಾಗಿ, ಬಂದವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಲಂಗರಿನಲ್ಲಿ ಉಣ್ಣುತ್ತಾರೆ. ಸಾಲುದೀಪದಂತೆಯೇ ಅದೂ ಒಂದು ಸಾಲು.

ಈ ಹಬ್ಬಕ್ಕೆ ಸಿಖ್ಖರ ಇತಿಹಾಸದಲ್ಲಿ ಇನ್ನೊಂದು ನೆನಪು ಅಂಟಿಕೊಂಡಿದೆ. ೧೭೩೦ರ ದಶಕದಲ್ಲಿ ಹರಿಮಂದಿರದ ಹೊಣೆಯನ್ನು ಹೊತ್ತಿದ್ದವರು ಭಾಯಿ ಮಣಿಸಿಂಗರು. ಆಗ ಅಲ್ಲಿ ಸಿಖ್ಖರು ಸೇರುವುದಕ್ಕೆ ತಡೆಯಿತ್ತು. ಲಾಹೋರಿನ ಸುಬೇದಾರ ಜಕಾರಿಯಾ ಖಾನನಿಗೆ ಹಣ ಕೊಡುವೆನೆಂದು ಒಪ್ಪಿ ದೀಪಾವಳಿಯ ಸಮಾವೇಶಕ್ಕೆ ಮಣಿಸಿಂಗರು ಅಪ್ಪಣೆ ಪಡೆದರು. ಬರುವ ಭಕ್ತರ ಕಾಣಿಕೆಯಿಂದ ಆ ಹಣವನ್ನು ತೆರಬೇಕೆಂದು ಅವರ ಎಣಿಕೆ. ಆದರೆ ನೆರೆದ ಜನರ ಮೇಲೆ ಬೀಳಲು ಸೈನ್ಯ ಸಿದ್ಧವಾಗಿದೆಯೆಂಬ ಸುಳಿವು ಸಿಕ್ಕಿತು. ಅವರು ಊರೂರಿಗೂ ಸುದ್ದಿ ಕಳುಹಿಸಿ, ಬರಬೇಡಿ ಎಂದರು. ಜನ ಬರಲಿಲ್ಲ, ಕಾಣಿಕೆ ಕೂಡಲಿಲ್ಲ, ಹಣ ಸಲ್ಲಲಿಲ್ಲ. ಮಣಿಸಿಂಗರನ್ನು ಲಾಹೋರಿನಲ್ಲಿ ಅಂಗಾಂಗಗಳನ್ನು ಕಡಿದು ಕೊಂದರು. ಬರಬೇಡಿ ಎಂಬ ಮಾತು ಎರಡು ಬಗೆಯದೆಂದು ಇದರಿಂದ ತಿಳಿಯುತ್ತದೆ. ಬರುವವರ ಪ್ರಾಣವುಳಿಯಲೆಂದು ತನ್ನ ಪ್ರಾಣವನ್ನು ತೆತ್ತು ಹೇಳುವುದು ಒಂದು. ಬರುವವರಿಗಾಗಿ ತಾನು ಸ್ವಲ್ಪ ಸರಿದು ಕೂರಬೇಕಾದೀತೆಂಬ ಅಂಜಿಕೆಯಿಂದ ಹೇಳುವುದು ಇನ್ನೊಂದು. ಎರಡನೆಯದು ಸಾಮಾನ್ಯ ಮನುಷ್ಯರೆಲ್ಲರ ಅಂಜಿಕೆ. ಅದಕ್ಕಾಗಿ ಲೆಸ್ಟರೊಂದನ್ನೇ ದೂರುವುದು ತಕ್ಕದ್ದಲ್ಲ. ಯಾವ ಊರು ಅದನ್ನು ಹೇಳಿಲ್ಲ?

ಈ ಅಂಜಿಕೆ ಬಂದವರನ್ನೂ ಬಿಡುವುದಿಲ್ಲವೆಂಬುದೇ ದುಃಖದ ಸಂಗತಿ. ೨೦೨೧ರ ಜನಗಣತಿಯಂತೆ ಲೆಸ್ಟರಿನಲ್ಲಿ ಸುಮಾರು ೩,೬೮,೦೦೦ ಜನರಿದ್ದರು. ಏಷ್ಯದ ಮೂಲದವರು ನೂರಕ್ಕೆ ನಲವತ್ತಮೂರು. ಧರ್ಮದ ಲೆಕ್ಕದಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಇಪ್ಪತ್ತೈದು, ಮುಸಲ್ಮಾನರು ಸುಮಾರು ಇಪ್ಪತ್ತನಾಲ್ಕು, ಹಿಂದೂಗಳು ಸುಮಾರು ಹದಿನೆಂಟು, ಸಿಖ್ಖರು ನಾಲ್ಕೂವರೆ. ಯಾರೂ ಬಹುಸಂಖ್ಯಾತರಲ್ಲದ ಇಂಥ ಊರಿನಲ್ಲಿ ೨೦೨೨ರ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಹಿಂದೂ ಮತ್ತು ಮುಸಲ್ಮಾನ ಯುವಕರ ನಡುವೆ ಗಲಭೆ ಹುಟ್ಟಿತು. ಕ್ರಿಕೆಟ್ ಪಂದ್ಯವೊಂದರ ಬಳಿಕ ಭುಗಿಲೆದ್ದ ಜಗಳ ವಾರಗಟ್ಟಲೆ ನಡೆಯಿತು. ಸುಳ್ಳುಸುದ್ದಿಗಳು ಬೆಂಕಿಗೆ ಗಾಳಿಯೂದಿದವು. ಐವತ್ತು ವರ್ಷಗಳ ಹಿಂದೆ, ಅದೇ ಸೆಪ್ಟೆಂಬರ್ ತಿಂಗಳಲ್ಲಿ, ಕಂಪಾಲಾದಿಂದ ಹೊರಟ ವಿಮಾನಗಳಲ್ಲಿ ಒಂದೇ ಸಾಲಿನ ಪೀಠಗಳಲ್ಲಿ ಕುಳಿತು ಬಂದವರ ಮೊಮ್ಮಕ್ಕಳೂ ಆ ಊರಿನಲ್ಲಿಯೇ ಇದ್ದಾರೆ. ಅಜ್ಜಂದಿರನ್ನು ಒಂದೇ ಆಜ್ಞೆ ಅಟ್ಟಿತ್ತು. ಮೊಮ್ಮಕ್ಕಳ ಬೀದಿಗಳು ಬೇರೆಬೇರೆಯಾಗಬೇಕೆ?

ಇಲ್ಲಿಯೇ ಐವತ್ತೆರಡು ಗೊಂಡೆಗಳ ಕಥೆಗೆ ಅರ್ಥ ಬರುವುದು. ಅದು ಚರಿತ್ರೆಯೋ ಐತಿಹ್ಯವೋ ಎಂಬ ಜಿಜ್ಞಾಸೆಯನ್ನು ಪಂಡಿತರಿಗೆ ಬಿಡೋಣ. ಸೆರೆಯಲ್ಲಿದ್ದವನು ಸಿಖ್ ಗುರು, ಅವನು ಬಿಡಿಸಿದ್ದು ಅನ್ಯಮತದ ರಾಜರನ್ನು, ಅವನಿಗಾಗಿ ಬೇಡಿದವನು ಮುಸಲ್ಮಾನ ಸಂತ. ಇಂಥ ಕಥೆಯನ್ನು ನಾಲ್ಕು ಶತಮಾನ ಕಾಪಾಡಿಕೊಂಡು ಬಂದ ಜನ ಒಂದು ಮಾತನ್ನು ಚೆನ್ನಾಗಿ ಬಲ್ಲರು. ಬಿಡುಗಡೆ ಎಂಬುದು ಒಬ್ಬನಿಗೆ ದೊರೆತು ಮುಗಿಯುವ ವಸ್ತುವಲ್ಲ. ಮೊದಲು ಬಾಗಿಲನ್ನು ದಾಟಿದವನ ಅಂಗಿಯ ಅಂಚು ಹಿಂದಿರುವವನ ಕೈಗೆ ಎಟುಕುವಷ್ಟು ಉದ್ದವಾಗಿರಬೇಕು. ಗುರು ತನ್ನ ಉಡುಪನ್ನು ತನ್ನ ಮೈಯಳತೆಗೆ ಹೊಲಿಸಲಿಲ್ಲ. ಹಿಡಿಯಬೇಕಾದ ಕೈಗಳ ಲೆಕ್ಕಕ್ಕೆ ಹೊಲಿಸಿದನು.

೨೦೨೫ರಲ್ಲಿ ಜನಸಂದಣಿಯ ಅಪಾಯವನ್ನು ಕುರಿತ ಆತಂಕದಿಂದ ಲೆಸ್ಟರಿನ ಹಬ್ಬದಲ್ಲಿ ಬಾಣಬಿರುಸುಗಳ ಪ್ರದರ್ಶನವನ್ನೂ ವೇದಿಕೆಯ ಕಾರ್ಯಕ್ರಮಗಳನ್ನೂ ಕೈಬಿಟ್ಟರು. ಅನೇಕರಿಗೆ ಬೇಸರವಾಯಿತು; ಆದದ್ದು ಸಹಜವೇ. ಆದರೆ ಬೆಲ್‌ಗ್ರೇವ್ ರಸ್ತೆಯ ಸಾಲುದೀಪಗಳನ್ನು ಯಾರೂ ಕೈಬಿಡಲಿಲ್ಲ. ಯೋಚಿಸಿದರೆ ಹಬ್ಬದಲ್ಲಿ ಬಿಡಬಹುದಾದದ್ದು ಯಾವುದು, ಬಿಡಲಾಗದ್ದು ಯಾವುದು ಎಂಬುದು ತಾನಾಗಿಯೇ ವಿಂಗಡವಾದಂತೆ ತೋರುತ್ತದೆ. ಸದ್ದು ಹೋದರೂ ಹಬ್ಬ ನಿಂತೀತು, ಸಾಲು ಹೋದರೆ ನಿಲ್ಲದು.

ನಾವು ನಮ್ಮ ಊರುಗಳಲ್ಲಿ ದೀಪ ಹಚ್ಚುವಾಗ ಇಷ್ಟೆಲ್ಲವನ್ನೂ ನೆನೆಯುವುದಿಲ್ಲ. ನೆನೆಯಬೇಕಾದ ಒತ್ತಾಯವೂ ಇಲ್ಲ. ಹೊಸ್ತಿಲು ನಮ್ಮದು, ಬೀದಿ ನಮ್ಮದು, ನೆರೆಯವರು ಅಜ್ಜಂದಿರ ಕಾಲದಿಂದ ಪರಿಚಿತರು. ಆದರೆ ನಮ್ಮ ಊರುಗಳಿಗೂ ಈಗ ದೂರದೂರದಿಂದ ಜನ ಬರುತ್ತಿದ್ದಾರೆ. ಕಟ್ಟಡ ಕಟ್ಟುವವರು, ಹೋಟೆಲಿನಲ್ಲಿ ದುಡಿಯುವವರು, ನಮ್ಮ ಮಾತು ಬಾರದವರು ಪಕ್ಕದ ಓಣಿಯ ಬಾಡಿಗೆಯ ಕೋಣೆಗಳಲ್ಲಿದ್ದಾರೆ. ಅವರ ಬಾಗಿಲಲ್ಲಿಯೂ ದೀಪಾವಳಿಯ ಸಂಜೆ ಒಂದು ಹಣತೆ ಒಂಟಿಯಾಗಿ ಉರಿಯುತ್ತಿರಬಹುದು. ನಮ್ಮ ಸಾಲಿನ ಕೊನೆಯ ದೀಪಕ್ಕೂ ಅವರ ಹಣತೆಗೂ ನಡುವೆ ಎಷ್ಟು ಕತ್ತಲೆಯಿದೆ ಎಂದು ಒಮ್ಮೆ ಅಳೆದು ನೋಡುವುದು ಒಳ್ಳೆಯದು. ಬಹಳವೇನೂ ಇರಲಾರದು, ಇನ್ನೆರಡು ಹಣತೆಗಳಿಗೆ ಎಣ್ಣೆ ಹೊಯ್ದರೆ ಸಾಲು ಕೂಡೀತು.